ಅಳೋ ಸೀನ್ ಬಂತು, ಓಡ್ಸು

ಹೊಟ್ಟೆಕಿಚ್ಚು ಅಂದರೇನೆಂದೇ ತನಗೆ ಗೊತ್ತಿಲ್ಲ ಎಂದು ಹೇಳಿಕೊಂಡು ತಿರುಗುವವರನ್ನು ನಂಬುವ ಹಾಗಿಲ್ಲ. ಅಂಥವರು ಸುಳ್ಳಾದರೂ ಹೇಳುತ್ತಿರುತ್ತಾರೆ, ಇಲ್ಲವೇ ಯಾರ ಮೇಲೂ ಆಸೆ ಇಟ್ಟವರಾಗಿರುವುದಿಲ್ಲ. ಆಲ್ದೂರಿನ ಕುಸುಮಾ ಈ ಎರಡು ಗುಂಪಿಗೂ ಸೇರಿದವಳಲ್ಲ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವ ಈ ಹೆಂಗಸಿಗೆ ಹೊಟ್ಟೆ ಉರಿದರೆ ಅದು ಮುಖದಲ್ಲಿ ಎದ್ದು ಕಾಣುತ್ತಿತ್ತು. ಮೂಗಿನ ತುದಿ ಕೆಂಪಾಗುತ್ತಿತ್ತು, ಕೆಳತುಟಿ ಒಳಗೆ ಹೋಗುತ್ತಿತ್ತು, ಗಲ್ಲ ಒಂದಿಷ್ಟು ಮೇಲಕ್ಕೇಳುತ್ತಿತ್ತು. ಮೇಲಿನ ಬೀದಿಯ ಟೈಲರ್ ಅರುಣಾ ಹೊಲಿದ ಬ್ಲೌಸ್ ತೊಟ್ಟು ಯಾರಾದರೂ ಬಾಗಿಲ ಮುಂದೆ ಹಾದುಹೋದರೆ ಇವಳ ಮಿಷನ್ನಿನ ಚಕ್ರ ತಾನಾಗಿಯೇ ಜೋರಾಗುತ್ತಿತ್ತು. "ಇವತ್ತು ಯಾರ ಬ್ಲೌಸ್ ನೋಡ್ದೆ ಮಾರಾಯ್ತಿ?" ಎಂದು ಗಂಡ ದಯಾನಂದ ರೇಗಿಸುತ್ತಿದ್ದ. ಬೆಳಿಗ್ಗೆ ಆಳುಗಳನ್ನು ಪಿಕಪ್ಪಿನಲ್ಲಿ ತೋಟಗಳಿಗೆ ಬಿಟ್ಟು ಸಂಜೆ ವಾಪಸ್ ಕರೆತರುವುದು ಅವನ ಕೆಲಸ. ಹೆಂಡತಿಯ ಹೊಟ್ಟೆಕಿಚ್ಚು ಅವನಿಗೆ ಬರೀ ತಮಾಷೆ.

ತಮಾಷೆ ಅಲ್ಲ ಎಂದು ಅವಳಿಗೆ ಮಾತ್ರ ಗೊತ್ತಿತ್ತು. ಕುಸುಮಾ ತೊಟ್ಟಿಲಲ್ಲಿರುವಾಗಲೇ ತಾಯಿ ತೀರಿಕೊಂಡಿದ್ದಳು. ಬೆಳೆದದ್ದು ವಸ್ತಾರೆಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಕೆಟ್ಟವಳೇನಲ್ಲ. ಹೊಟ್ಟೆಗೆ ಹಾಕಿದಳು, ಬಟ್ಟೆ ಕೊಡಿಸಿದಳು, ಶಾಲೆಗೆ ಕಳಿಸಿದಳು. ಆದರೆ ತನ್ನ ಮಗಳಿಗೆ ಜಡೆ ಹಾಕಿ ಮುಗಿಸಿದ ಮೇಲೆ ಆ ಜಡೆಯನ್ನು ಒಮ್ಮೆ ಅಂಗೈಯಲ್ಲಿ ನೇವರಿಸುತ್ತಿದ್ದಳು. ಕುಸುಮಾಳ ಜಡೆ ಹೆಣೆದು ರಿಬ್ಬನ್ ಬಿಗಿದು, "ಆಯ್ತು, ಏಳು" ಎನ್ನುತ್ತಿದ್ದಳು. ಜಡೆ ಎರಡೂ ಒಂದೇ ಥರ ಇರುತ್ತಿದ್ದವು, ರಿಬ್ಬನ್ನೂ ಒಂದೇ ಬಣ್ಣ. ಹುಡುಗಿಗೆ ಹೊಟ್ಟೆ ಉರಿದದ್ದು ಆ ನೇವರಿಸುವ ಕೈ ನೋಡಿ. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಬಾಯಿ ಬಿಟ್ಟು ಕೇಳಿ ಪಡೆಯುವ ವಸ್ತುವೇ ಅದು?

ಹಾಗಾಗಿ ಮದುವೆಯಾಗಿ ಆಲ್ದೂರಿಗೆ ಬಂದಾಗ ಅವಳು ಗಂಡನಿಗಿಂತ ಮೊದಲು ಅತ್ತೆಯನ್ನು ನೋಡಿದಳು ಎಂದರೆ ತಪ್ಪಾಗದು. ಅತ್ತೆ ಭಾಗಮ್ಮ ಆಯುಷ್ಯವಿಡೀ ಎಸ್ಟೇಟಿನಲ್ಲಿ ಕಾಫಿ ಕುಯ್ದವಳು. ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಎರಡು ಗಂಡು ಮಕ್ಕಳನ್ನು ಹೆತ್ತು ಸಾಕಿ, ಗಂಡ ಬೆಳ್ಳಿಯಪ್ಪನ ಜೊತೆ ದುಡಿದು ದುಡಿದು ಆಲ್ದೂರಿನಲ್ಲೊಂದು ಮನೆ ಕಟ್ಟಿಸಿದ್ದಳು. ಒರಟು ಕೈ, ಒರಟು ಮಾತು. ಸೊಸೆ ಬಂದ ಮಾರನೇ ದಿನ ಒಲೆ ಮುಂದೆ ಕೂತು ಅಕ್ಕಿರೊಟ್ಟಿ ಬೇಯಿಸುತ್ತಿದ್ದ ಭಾಗಮ್ಮ ಕಾವಲಿಯಿಂದ ತೆಗೆದ ಮೊದಲ ರೊಟ್ಟಿಯನ್ನು ಮಕ್ಕಳಿಬ್ಬರನ್ನೂ ಬಿಟ್ಟು ಕುಸುಮಾಳ ತಟ್ಟೆಗೆ ಹಾಕಿದಳು. "ತಿನ್ನು. ಬಿಸಿ ಆರಿದ್ರೆ ಅದು ರೊಟ್ಟಿ ಅಲ್ಲ, ಚಪ್ಪಲಿ" ಎಂದಳು. ಕುಸುಮಾ ತಲೆ ತಗ್ಗಿಸಿಕೊಂಡು ತಿಂದಳು. ಈ ಮುದುಕಿ ನನ್ನವಳು ಎಂದು ಅವಳು ಒಳಗೇ ತೀರ್ಮಾನಿಸಿದ್ದು ಅಂದೇ.

ಇನ್ನು ಓಡಿಸುವ ವಿಷಯ. ಅದನ್ನು ಹೇಳದೆ ಈ ಅತ್ತೆ ಸೊಸೆಯ ಕತೆ ಅರ್ಥವಾಗುವುದಿಲ್ಲ. ಹಿಂದೆ ಆಲ್ದೂರಿನ ರಜಬ್ ಅಲಿ ಒಂದು ಟಿವಿಯನ್ನೂ ಕ್ಯಾಸೆಟ್ ಹಾಕುವ ಪೆಟ್ಟಿಗೆಯನ್ನೂ ಜೀಪಿನಲ್ಲಿ ಹೇರಿಕೊಂಡು ಎಸ್ಟೇಟುಗಳಿಗೆ ಹೋಗುತ್ತಿದ್ದ. ಕಾಫಿ ಒಣಗಿಸುವ ಕಣದಲ್ಲೇ ಟಿವಿ, ಕಣದಲ್ಲೇ ಜನ. ಬೆಳಗಾದರೆ ಮೇಸ್ತ್ರಿ ಊದುವ ಸೀಟಿಗೆ ಏಳಬೇಕಾದವರಿಗೆ ಸಿನಿಮಾವನ್ನು ಪೂರ್ತಿ ನೋಡುವಷ್ಟು ಪುರುಸೊತ್ತು ಎಲ್ಲಿಯದು? ಬೇಡವಾದ ಜಾಗ ಬಂದಾಗ, "ಓಡ್ಸಿ ಸಾಬ್ರೇ, ಓಡ್ಸಿ!" ಎಂದು ಕೂಗುತ್ತಿದ್ದರು. ರಜಬ್ ಅಲಿ ಗುಂಡಿ ಒತ್ತುತ್ತಿದ್ದ. ಪರದೆಯ ಮೇಲೆ ಗೆರೆಗಳೆದ್ದು, ಸತ್ತ ಅಪ್ಪನ ಚಟ್ಟವೂ ಹೊತ್ತವರೂ ಕುಣಿಯುತ್ತಾ ಓಡಿಹೋಗುತ್ತಿದ್ದರು. ಪೇಟೆಯವರು ಫಾರ್ವರ್ಡ್ ಎನ್ನುವುದಕ್ಕೆ ಲೈನ್ ಮನೆಯವರ ಮಾತು ಓಡಿಸು. ಅವರಿಗೆ ಎಲ್ಲಕ್ಕೂ ಅದೊಂದೇ ಮಾತು. ಜೀಪನ್ನೂ ಓಡಿಸುತ್ತಿದ್ದರು, ತೋಟಕ್ಕೆ ನುಗ್ಗಿದ ಮಂಗಗಳನ್ನೂ ಓಡಿಸುತ್ತಿದ್ದರು, ಸಿನಿಮಾವನ್ನೂ ಓಡಿಸುತ್ತಿದ್ದರು.

ಕುಸುಮಾ ಬಂದ ಮರುವರ್ಷ ಬೆಳ್ಳಿಯಪ್ಪ ಕಾಯಿಲೆ ಬಿದ್ದು ತೀರಿಕೊಂಡ. ಆಮೇಲೆ ಕೆಲವು ತಿಂಗಳು ಭಾಗಮ್ಮನಿಗೆ ಸಿನಿಮಾದಲ್ಲಿ ಯಾರು ಅತ್ತರೂ ಅಳು. ಮನೆಗೊಂದು ಸಿಡಿ ಪ್ಲೇಯರ್ ಬಂದಿತ್ತು. ರಿಮೋಟ್ ಕುಸುಮಾಳ ಕೈಯಲ್ಲಿ. ಒಂದು ಸಂಜೆ ಮುದುಕಿ ಅಳುವುದನ್ನು ನೋಡಲಾರದೆ ಅವಳು ಗುಂಡಿ ಒತ್ತಿ, "ಈ ಜಾಗ ಓಡಿಸ್ತೀನಿ ಅತ್ತೆ" ಎಂದಳು. ಭಾಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಹ್ಞೂಂ, ಓಡ್ಸು" ಎಂದಳು. ಅಂದಿನಿಂದ ಅದು ಆ ಮನೆಯ ಪದ್ಧತಿಯಾಯಿತು. ಸಿಡಿ ಹೋಗಿ ಮೊಬೈಲ್ ಬಂತು, ಸಿನಿಮಾ ಹೋಗಿ ಧಾರಾವಾಹಿ ಬಂತು. ಕೆಲಸ ಮುಗಿಸಿ ಇಬ್ಬರೂ ಒಂದೇ ಚಾಪೆಯ ಮೇಲೆ ಗೋಡೆಗೊರಗಿ ಕೂರುತ್ತಿದ್ದರು. ಧಾರಾವಾಹಿಯ ಸೊಸೆ ತುಟಿ ನಡುಗಿಸಲು ಶುರು ಮಾಡಿದರೆ ಭಾಗಮ್ಮ, "ಅಳೋ ಸೀನ್ ಬಂತು, ಓಡ್ಸು" ಎನ್ನುತ್ತಿದ್ದಳು. ಅವಳು ಹೇಳುವ ಮೊದಲೇ ಕುಸುಮಾಳ ಬೆರಳು ಪರದೆಯ ಮೇಲಿರುತ್ತಿತ್ತು. ಎಲ್ಲಿ ಅಳು ಮುಗಿದು ಜಗಳ ಶುರುವಾಗುತ್ತದೆಂದು ಅಂದಾಜು ಮಾಡಿ ಸರಿಯಾಗಿ ಅಲ್ಲಿಗೆ ತಂದು ನಿಲ್ಲಿಸುವುದರಲ್ಲಿ ಅವಳದು ಎತ್ತಿದ ಕೈ. ಅತ್ತೆಯ ಕಣ್ಣಲ್ಲಿ ನೀರು ಬಾರದ ಹಾಗೆ ನೋಡಿಕೊಳ್ಳುವವಳು ತಾನು ಎಂಬುದು ಅವಳ ಗುಟ್ಟಾದ ಹೆಮ್ಮೆಯಾಗಿತ್ತು.

ಆ ಹೆಮ್ಮೆಗೆ ಕಲ್ಲು ಬಿದ್ದದ್ದು ಭವ್ಯಾ ಬಂದ ಮೇಲೆ.

ಭವ್ಯಾ ದಯಾನಂದನ ತಮ್ಮ ಗಿರಿಯ ಹೆಂಡತಿ. ಮೂಡಿಗೆರೆಯ ಹುಡುಗಿ, ಅಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಯಾರ ಜೊತೆ ಬೇಕಾದರೂ ನಿಂತು ಮಾತಾಡುತ್ತಾಳೆ, ನಗುತ್ತಾಳೆ, ನಡುವೆ ನಾಲ್ಕು ಇಂಗ್ಲಿಷ್ ಮಾತು ಉದುರಿಸುತ್ತಾಳೆ. ಓಣಿಯ ಹೆಂಗಸರು ಅವಳನ್ನು ನೋಡಿ, "ಹುಡುಗಿ ಸ್ವಲ್ಪ ಫಾರ್ವರ್ಡು" ಎಂದು ಮೂಗು ಮುರಿದರು. ಕುಸುಮಾಳಿಗೆ ಇದನ್ನು ಕೇಳಿ ಸಂತೋಷವಾಯಿತು. ಅತ್ತೆ ಇಂಥವಳನ್ನು ಹತ್ತಿರ ಸೇರಿಸುವುದಿಲ್ಲ ಎಂದು ಲೆಕ್ಕ ಹಾಕಿದಳು. ಲೆಕ್ಕ ಮೊದಲ ದಿನವೇ ತಪ್ಪಿತು. ಹುಡುಗಿ ಹೊಸಿಲು ದಾಟಿದವಳೇ ಭಾಗಮ್ಮನನ್ನು "ಅಮ್ಮ" ಎಂದಳು. ಕುಸುಮಾ ಇಷ್ಟು ವರ್ಷ "ಅತ್ತೆ" ಎಂದೇ ಕರೆದವಳು. ಅಮ್ಮ ಎನ್ನಬೇಕೆಂದು ಆಸೆಯಿಲ್ಲದೆ ಅಲ್ಲ. ಆ ಮಾತನ್ನು ಅವಳು ಹುಟ್ಟಿದಂದಿನಿಂದ ಯಾರಿಗೂ ಅಂದಿರಲಿಲ್ಲ, ನಾಲಿಗೆಗೆ ರೂಢಿಯಿರಲಿಲ್ಲ. ತಾನು ವರ್ಷಗಟ್ಟಲೆ ಬಾಗಿಲ ಹೊರಗೆ ನಿಂತು ನೋಡುತ್ತಿದ್ದ ಮಾತಿನೊಳಗೆ ಈ ಹುಡುಗಿ ಚಪ್ಪಲಿ ಬಿಟ್ಟು ಸೀದಾ ನುಗ್ಗಿಬಿಟ್ಟಳಲ್ಲ ಎಂದು ಅವಳ ಹೊಟ್ಟೆಗೆ ಬೆಂಕಿ ಬಿತ್ತು.

ಅದಕ್ಕಿಂತ ದೊಡ್ಡ ಏಟು ಚಾಪೆಯ ಮೇಲೆ ಬಿತ್ತು. ಶ್ರಾವಣದಲ್ಲಿ ಹಬ್ಬದ ಹೊಲಿಗೆ ರಾಶಿ ಬಿದ್ದಿತ್ತು. ಕುಸುಮಾ ಮಿಷನ್ ಬಿಟ್ಟು ಏಳುವ ಹಾಗಿರಲಿಲ್ಲ. ಧಾರಾವಾಹಿ ಹಾಕಿಕೊಡುವ ಕೆಲಸ ಭವ್ಯಾಳಿಗೆ ಹೋಯಿತು. ಒಳಗಿನ ಕೋಣೆಯಿಂದ ಧಾರಾವಾಹಿಯ ಹುಡುಗಿ ಬಿಕ್ಕುವುದು ಕೇಳಿಸಿತು. ಈಗ ಓಡಿಸುತ್ತಾಳೆ, ಈಗ ಓಡಿಸುತ್ತಾಳೆ ಎಂದು ಕುಸುಮಾ ಕತ್ತರಿ ಹಿಡಿದು ಕಾದಳು. ಅಳು ಮುಂದುವರಿಯಿತು. ಎದ್ದು ಹೋಗಿ ಬಾಗಿಲಲ್ಲಿ ಇಣುಕಿದರೆ, ಮುದುಕಿಯೂ ಹುಡುಗಿಯೂ ಒಬ್ಬರಿಗೊಬ್ಬರು ಒರಗಿಕೊಂಡು ಗೊಳೋ ಎಂದು ಅಳುತ್ತಿದ್ದಾರೆ! ಮೊಬೈಲಿನ ಹುಡುಗಿಗಿಂತ ಇವರದೇ ಜೋರು.

"ಏ ಭವ್ಯಾ, ಓಡ್ಸು ಅದನ್ನ! ಅತ್ತೆಗೆ ಆಗೋದಿಲ್ಲ" ಎಂದಳು ಕುಸುಮಾ.

"ಫಾರ್ವರ್ಡ್ ಯಾಕಕ್ಕ? ಅಳು ಇರೋದೇ ಅಳೋಕೆ" ಎಂದಳು ಭವ್ಯಾ, ಸುರಿಯುವ ಮೂಗು ಏರಿಸುತ್ತಾ.

ಭಾಗಮ್ಮ ಸೆರಗಿನಿಂದ ಮುಖವನ್ನೆಲ್ಲ ಉಜ್ಜಿಕೊಂಡು, "ಎಷ್ಟು ಹಗುರಾಯ್ತು ಮಗಾ. ಎಷ್ಟು ಕಾಲ ಆಗಿತ್ತು ಹಿಂಗೆ ಅತ್ತು" ಎಂದಳು. ಅಂದದ್ದು ಭವ್ಯಾಳಿಗೆ.

ಕುಸುಮಾ ಮಿಷನ್ನಿಗೆ ವಾಪಸ್ ಬಂದು ಯಾರದೋ ಬ್ಲೌಸಿನ ತೋಳನ್ನು ತಿರುಗಾಮುರುಗಾ ಹೊಲಿದಳು. ಹಾಗಾದರೆ ಇಷ್ಟು ವರ್ಷ ತಾನು ಓಡಿಸಿದ್ದು ಯಾರಿಗೋಸ್ಕರ? ಮುದುಕಿಗೆ ಅಳಬೇಕು ಅನ್ನಿಸಿದ್ದರೆ ಬಾಯಿ ಬಿಟ್ಟು ಹೇಳಬಾರದಿತ್ತೆ? ಹೇಳದೆ ಕೂತು, ನಿನ್ನೆ ಬಂದವಳ ಹೆಗಲ ಮೇಲೆ ಬಿದ್ದು ಅಳುವುದೆಂದರೇನು? ಕೋಪ ಅತ್ತೆಯ ಮೇಲೆ ಬಂದದ್ದು. ಆದರೆ ಅತ್ತೆಯ ಮೇಲೆ ಕೋಪ ಮಾಡಿಕೊಳ್ಳಲು ಅವಳಿಗೆ ಧೈರ್ಯವಿಲ್ಲ. ಅದಕ್ಕೆ ಅಷ್ಟನ್ನೂ ಭವ್ಯಾಳ ಲೆಕ್ಕಕ್ಕೆ ಬರೆದಳು.

ಆಮೇಲೆ ಮಲ್ಲಂದೂರಿನ ಮಾತು ಬಂತು. ಗಿರಿ ಅಲ್ಲಿಯ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅಷ್ಟು ದಿನ ಬೈಕಿನಲ್ಲಿ ಹೋಗಿ ಬರುತ್ತಿದ್ದವನಿಗೆ ಎಸ್ಟೇಟಿನವರು ಕ್ವಾರ್ಟರ್ಸ್ ರಿಪೇರಿ ಮಾಡಿಸಿಕೊಟ್ಟರು. ಊಟಕ್ಕೆ ಕೂತಾಗ ಭವ್ಯಾ, "ಅಮ್ಮ, ನೀವೂ ಬನ್ನಿ ನಮ್ಮ ಜೊತೆ. ಇವ್ರು ತೋಟಕ್ಕೆ ಹೋದ್ರೆ ನಾನೊಬ್ಳೇ ಎಂತ ಮಾಡ್ಲಿ ಅಲ್ಲಿ? ಅಲ್ಲೇ ಇದ್ಬಿಡಿ" ಎಂದುಬಿಟ್ಟಳು. ಭಾಗಮ್ಮ ಕಡುಬು ಮುರಿಯುತ್ತಿದ್ದ ಕೈ ನಿಲ್ಲಿಸಿ ಕುಸುಮಾಳ ಕಡೆ ನೋಡಿದಳು. ಹೋಗಬೇಡಿ ಎಂದು ಹೇಳಲು ಬಾಯಿ ತೆರೆದ ಕುಸುಮಾ, ಎದುರಿಗೆ ಆ ಹುಡುಗಿ ಕಣ್ಣರಳಿಸಿ ಕೂತಿರುವುದನ್ನು ನೋಡಿದಳು. ತಾನಾಗಿ ಕೇಳುವುದೇ? ಇವಳ ಎದುರಿಗೆ? ಅತ್ತೆಯೇ ಹೇಳಲಿ, ನಾನು ಕುಸುಮಾಳನ್ನು ಬಿಟ್ಟು ಬರೋದಿಲ್ಲ ಅಂತ ಎಂದುಕೊಂಡಳು.

"ಹೋಗಿ ಅತ್ತೆ, ಒಳ್ಳೇದೇ ಆಯ್ತು. ಅಲ್ಲಿ ಗಾಳಿ ಚೆನ್ನಾಗಿದೆ" ಎಂದಳು.

ಭಾಗಮ್ಮ, "ಹೌದಾ? ಸರಿ ಹಂಗಾದ್ರೆ" ಎಂದು ಕಡುಬಿಗೆ ಸಾರು ಹಾಕಿಕೊಂಡಳು. ಬರುವ ಸೋಮವಾರ ದಯಾನಂದನ ಪಿಕಪ್ಪಿನಲ್ಲೇ ಸಾಮಾನು ಸಾಗಿಸುವುದೆಂದು ನಿಕ್ಕಿಯಾಯಿತು.

ಕುಸುಮಾಳ ಹಟ ನೋಡಿ. ಹೋಗುವುದಾದರೆ ಹೋಗಲಿ ಎಂದು ಅವಳೇ ಮುಂದೆ ನಿಂತು ಗಂಟು ಕಟ್ಟಲು ಶುರು ಮಾಡಿದಳು. ಅಂಗಡಿಗೆ ಹೋಗಿ ಹಗ್ಗ ತಂದಳು. ಅತ್ತೆಯ ಸೀರೆಗಳನ್ನು ಇಸ್ತ್ರಿ ಮಾಡಿ ಜೋಡಿಸಿಟ್ಟಳು. ಪ್ರತಿ ಸೀರೆ ಮಡಚುವಾಗಲೂ, ಈಗ ಹೇಳುತ್ತಾಳೆ, ಈಗ ಬೇಡ ಎನ್ನುತ್ತಾಳೆ ಎಂದು ಕಿವಿಯೆಲ್ಲ ಅತ್ತೆಯ ಕಡೆಗೇ. ಭಾಗಮ್ಮ ಒಂದು ಮಾತೂ ಆಡಲಿಲ್ಲ.

ಇದೇ ಹೊತ್ತಿಗೆ ಗಿರಿ ಭವ್ಯಾರ ಮದುವೆ ವಿಡಿಯೋ ಬಂತು. ರಜಬ್ ಅಲಿಯ ಮಗ ಇಜಾಜ್ ಆಲ್ದೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ವೈಶಾಖದ ಮದುವೆಗಳ ವಿಡಿಯೋವನ್ನು ದೀಪಾವಳಿಗೆ ಕೊಡುವುದು ಅವನ ವಾಡಿಕೆ. ಕೆಲಸ ಒಪ್ಪಿಸಿದವರು ದಯಾನಂದನ ಮನೆಯವರಾದ್ದರಿಂದ ಅವನು ಮೊದಲು ಕುಸುಮಾಳ ಮೊಬೈಲಿಗೆ ಕಳಿಸಿ, "ನೋಡಿ ಅಕ್ಕ, ಎಂತಾದ್ರೂ ಚೇಂಜ್ ಇದ್ರೆ ಹೇಳಿ, ಆಮೇಲೆ ಫೈನಲ್ ಮಾಡ್ತೀನಿ" ಎಂದಿದ್ದ. ಕುಸುಮಾ ಗಿರಾಕಿಗಳಿಲ್ಲದ ಹೊತ್ತು ನೋಡಿ, ಮಿಷನ್ ಮುಂದೆ ಕೂತೇ ನೋಡಿದಳು. ಧಾರೆ ಆಯಿತು, ಊಟ ಆಯಿತು. ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಬಂತು. ಹೊಸಿಲಲ್ಲಿ ಭವ್ಯಾ, ಅವಳನ್ನು ಬಿಟ್ಟುಹೋಗಲು ಬಂದ ಅವಳ ತಾಯಿ, ಎದುರಿಗೆ ಭಾಗಮ್ಮ, ಪಕ್ಕದಲ್ಲಿ ಆರತಿ ತಟ್ಟೆ ಹಿಡಿದ ಕುಸುಮಾ. ಭಾಗಮ್ಮ ಭವ್ಯಾಳ ಕೈ ಹಿಡಿದುಕೊಂಡು ಗಟ್ಟಿಯಾಗಿ ಹೇಳುತ್ತಾಳೆ, "ನಂಗೆ ಹೆಣ್ಣು ಮಕ್ಕಳಿಲ್ಲ. ಇನ್ಮೇಲೆ ನೀನೇ ನನ್ನ ಮಗಳು."

ಆ ಮಾತು ಅಂದೇ ಕುಸುಮಾಳ ಎದೆಗೆ ನಾಟಿತ್ತು. ಆದರೆ ಅಂದು ಎಲ್ಲವೂ ಕಣ್ಣ ರೆಪ್ಪೆ ಬಡಿಯುವುದರೊಳಗೆ ಮುಗಿದಿತ್ತು, ಯಾರೂ ನೋಡಲಿಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಇಜಾಜನ ಕ್ಯಾಮೆರಾ ನೋಡಿತ್ತು. ನೋಡಿದ್ದಷ್ಟೇ ಅಲ್ಲ, ಅವನಿಗೆ ಆ ಮುಖದಲ್ಲಿ ಎಂಥದೋ ದೊಡ್ಡ ಭಾವನೆ ಕಂಡು, ಅದನ್ನು ಹತ್ತಿರಕ್ಕೆ ಎಳೆದು, ಸ್ಲೋ ಮೋಷನ್ನಿಗೆ ಹಾಕಿ, ಹಿಂದೆ ಪಿಟೀಲು ಕುಯ್ಯಿಸಿದ್ದ. ಪರದೆಯ ತುಂಬ ಕುಸುಮಾಳ ಮುಖ. ಮೂಗಿನ ತುದಿ ನಿಧಾನವಾಗಿ ಕೆಂಪಾಗುತ್ತದೆ. ಕೆಳತುಟಿ ನಿಧಾನವಾಗಿ ಒಳಗೆ ಹೋಗುತ್ತದೆ. ಗಲ್ಲ ನಿಧಾನವಾಗಿ ಮೇಲಕ್ಕೇಳುತ್ತದೆ. ಆರತಿಯ ಬೆಳಕಿನಲ್ಲಿ ಹೊಟ್ಟೆಕಿಚ್ಚು ಇಷ್ಟಿಷ್ಟೇ ಅರಳಿ ಮುಖವೆಲ್ಲ ಹರಡುವುದನ್ನು ಯಾರು ಬೇಕಾದರೂ ಕೂತು ನೋಡಬಹುದಿತ್ತು. ಅತ್ತೆ ಇದನ್ನು ನೋಡಿದರೆ? ಇರುವ ಒಂದಿಷ್ಟು ಮರ್ಯಾದೆಯೂ ಹೋಯಿತು. ಇಂಥ ಮುಖದವಳ ಜೊತೆ ಇರುವುದಕ್ಕಿಂತ ಮಲ್ಲಂದೂರೇ ವಾಸಿ ಎಂದುಕೊಂಡು ಹೊರಟರೆ ಮತ್ತೆ ಈ ಕಡೆ ತಿರುಗಿಯೂ ನೋಡುವುದಿಲ್ಲ.

ಅವಳು ಇಜಾಜನಿಗೆ ವಾಯ್ಸ್ ಮೆಸೇಜ್ ಹಾಕಲು ಮೊಬೈಲ್ ಬಾಯಿಗೆ ಹಿಡಿದಳು. ಈ ಮನೆಗೆ ಬಂದಂದಿನಿಂದ ಓಡಿಸು ಎಂದವಳು, ಅಂದೂ ಹಾಗೇ ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸ್ಟುಡಿಯೋದವನ ಹತ್ತಿರ ಲೈನ್ ಮನೆಯ ಮಾತೇ? ಭವ್ಯಾ ಆಗಿದ್ದರೆ ಹೇಗೆ ಹೇಳುತ್ತಿದ್ದಳು? ಅವಳಿಗೆ ಮಾತ್ರವೇ ಇಂಗ್ಲಿಷ್ ಬರುವುದು? ಹೊಟ್ಟೆಕಿಚ್ಚು ಮನುಷ್ಯನಿಂದ ಏನೆಲ್ಲ ಆಡಿಸುತ್ತದೆ! ಕುಸುಮಾ ಗಂಟಲು ಸರಿ ಮಾಡಿಕೊಂಡು ಹೇಳಿದಳು, "ಇಜಾಜ್, ನಾನು ಆರತಿ ತಟ್ಟೆ ಹಿಡ್ಕೊಂಡು ನಿಂತಿದೀನಲ್ಲ, ಆ ಸೀನ್ ಮಾತ್ರ ಫಾರ್ವರ್ಡ್ ಮಾಡ್ಬಿಡು ಮಾರಾಯ. ಮನೆಯವ್ರೆಲ್ಲ ಪೂರ್ತಿ ವಿಡಿಯೋ ನೋಡೋ ಮೊದ್ಲೇ ಮಾಡ್ಬೇಕು."

"ಓಕೆ ಅಕ್ಕ" ಎಂದು ಉತ್ತರ ಬಂತು. ಕುಸುಮಾ ನಿರಾಳವಾಗಿ ಗುಂಡಿ ಹಚ್ಚಲು ಕೂತಳು.

ಸ್ವಲ್ಪ ಹೊತ್ತಿಗೆ ಮೊಬೈಲ್ ಒಂದೇ ಸಮನೆ ಟಣ್ ಟಣ್ ಎನ್ನತೊಡಗಿತು. ಮದುವೆಗೆಂದು ಶುರು ಮಾಡಿ ಯಾರೂ ಮುಚ್ಚದೆ ಬಿಟ್ಟಿದ್ದ ವಾಟ್ಸಾಪ್ ಗುಂಪೊಂದಿತ್ತು. ಅದರಲ್ಲಿ ಎರಡೂ ಕಡೆಯ ನೆಂಟರೆಲ್ಲ ಇದ್ದರು, ಫೋಟೋ ಹಾಕಲು ಇಜಾಜನೂ ಇದ್ದ. ಆ ಗುಂಪಿಗೆ ಅವನು ಬೇರೇನೂ ಇಲ್ಲದೆ, ಕುಸುಮಾಳ ಮುಖವೊಂದನ್ನೇ ಕತ್ತರಿಸಿ, ಪಿಟೀಲು ಸಮೇತ ಹಾಕಿದ್ದ.

ಅವಳು ಕೂಡಲೇ ಅವನಿಗೆ ಫೋನ್ ಮಾಡಿದಳು. "ಎಂತ ಮಾಡ್ದೆ ಇಜಾಜ್?"

"ನೀವೇ ಹೇಳಿದ್ರಲ್ಲ ಕುಸುಮಕ್ಕ, ಫಾರ್ವರ್ಡ್ ಮಾಡು ಅಂತ. ಎಲ್ರೂ ಪೂರ್ತಿ ನೋಡೋ ಮೊದ್ಲೇ ಅಂದ್ರಲ್ಲ, ಅದಕ್ಕೆ ಅರ್ಜೆಂಟಾಗಿ ಮಾಡ್ದೆ."

"ಫಾರ್ವರ್ಡ್ ಅಂದ್ರೆ ಓಡ್ಸು ಅಂತ ಮಾರಾಯ! ಅದು ಯಾರಿಗೂ ಕಾಣ್ಬಾರ್ದು ಅಂತ!"

"ಅಯ್ಯೋ ಅಲ್ಲಾ! ಕಟ್ ಮಾಡು ಅನ್ಬೇಕಿತ್ತು ಅಕ್ಕ. ಓಡ್ಸು ಅಂದಿದ್ರೂ ಗೊತ್ತಾಗ್ತಿತ್ತು, ನಮ್ಮ ಅಬ್ಬಾನೂ ಹಂಗೇ ಅಂತಿದ್ರು. ಈಗ ಫಾರ್ವರ್ಡ್ ಅಂದ್ರೆ ವಾಟ್ಸಾಪೇ ಅಲ್ವಾ? ಡಿಲೀಟ್ ಮಾಡ್ಲಾ? ಆದ್ರೆ ಎಲ್ಲ ನೋಡಾಯ್ತಲ್ಲ ಅಕ್ಕ…"

ಎಲ್ಲರೂ ನೋಡಿಯಾಗಿತ್ತು. ಆದರೆ ನೋಡಿದವರು ಕಂಡದ್ದೇ ಬೇರೆ. ದಯಾನಂದನ ಸೋದರಮಾವ ಪುಟ್ಟಸ್ವಾಮಿ, "ಇಂಥ ಅಕ್ಕ ಸಿಗೋಕೆ ಭವ್ಯಾ ಪುಣ್ಯ ಮಾಡಿರಬೇಕು" ಎಂದು ಬರೆದಿದ್ದ. ಇನ್ನೊಬ್ಬರು, "ಅಳು ತಡ್ಕೊಳ್ಳೋಕೆ ಎಷ್ಟು ಕಷ್ಟ ಪಡ್ತಿದಾರೆ ನೋಡಿ ಪಾಪ" ಎಂದಿದ್ದರು. ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಸಾಲುಗಟ್ಟಿದ್ದವು. ಭವ್ಯಾ ಅಡುಗೆಮನೆಯಿಂದ ಓಡಿಬಂದು ಹಿಂದಿನಿಂದ ತಬ್ಬಿಕೊಂಡಳು. "ಅಕ್ಕ, ನೀವು ನಂಗೋಸ್ಕರ ಅತ್ರಾ? ನಿಮ್ಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ!"

"ಸೂಜಿ ಚುಚ್ಚೀತು, ಬಿಡು" ಎಂದಳು ಕುಸುಮಾ. ತನ್ನ ಹೊಟ್ಟೆ ಉರಿದದ್ದೂ ಕೊನೆಗೆ ಇವಳ ಪುಣ್ಯದ ಖಾತೆಗೇ ಹೋಯಿತಲ್ಲ ಎಂದು ಅವಳಿಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಭವ್ಯಾ ಅಷ್ಟಕ್ಕೇ ಬಿಡಲಿಲ್ಲ. ಮೊಬೈಲ್ ತೆಗೆದುಕೊಂಡು ಹೋಗಿ ಭಾಗಮ್ಮನಿಗೂ ತೋರಿಸಿದಳು. ಹಿತ್ತಿಲ ಮೆಟ್ಟಿಲ ಮೇಲೆ ಕೆಸುವಿನ ಸೊಪ್ಪು ಬಿಡಿಸುತ್ತಿದ್ದ ಮುದುಕಿ ಪರದೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ಇನ್ನೊಂದ್ಸಲ ಹಾಕು" ಎಂದಳು. ಮತ್ತೆ ನೋಡಿದಳು. ಆಮೇಲೆ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಬಾಗಿಲ ಹಿಂದೆ ನಿಂತಿದ್ದ ಕುಸುಮಾಳಿಗೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನ್ನಿಸಿತು.

ಭಾನುವಾರ ಗಿರಿಯೂ ಭವ್ಯಾಳೂ ಕ್ವಾರ್ಟರ್ಸ್ ಗುಡಿಸಿ ತೊಳೆಯಲು ಮಲ್ಲಂದೂರಿಗೆ ಹೋದರು. ದಯಾನಂದ ಪಿಕಪ್ಪಿನ ಟೈರು ತೋರಿಸಲು ಹೋಗಿದ್ದ. ಭಾಗಮ್ಮ ಮುಂದಿನ ಕೋಣೆಗೆ ಬಂದು ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಳು.

"ಮಿಷನ್ ನಿಲ್ಸು" ಎಂದಳು.

ಕುಸುಮಾ ನಿಲ್ಲಿಸಿದಳು.

"ಆ ವಿಡಿಯೋದಲ್ಲಿ ನೀನು ಅಳ್ತಾ ಇಲ್ಲ."

"ಎಲ್ರೂ ಅಳ್ತಿದೀನಿ ಅಂತಾರಲ್ಲ ಅತ್ತೆ."

"ಅವ್ರಿಗೆ ಎಂತ ಗೊತ್ತು? ನಿನ್ನ ಮೂಗು ಕೆಂಪಾಗೋದು ಅಳುವಾಗ ಅಲ್ಲ. ಆ ಅರುಣಾ ಹೊಲಿದ ಬ್ಲೌಸ್ ನೋಡಿದಾಗ."

"ಅದು… ಆರತಿ ಹೊಗೆ ಅತ್ತೆ."

"ಹೊಗೆ ಬಂದ್ರೆ ಕಣ್ಣು ಮುಚ್ಚುತ್ತೆ. ನೀನು ನನ್ನ ನುಂಗೋ ಹಂಗೆ ನೋಡ್ತಾ ಇದೀಯ."

ಕುಸುಮಾಳಿಗೆ ಇನ್ನು ಮುಚ್ಚಿಟ್ಟುಕೊಳ್ಳಲು ಏನೂ ಉಳಿದಿರಲಿಲ್ಲ. ಕತ್ತರಿಯನ್ನು ಮೇಜಿನ ಮೇಲೆ ದಢಾರನೆ ಇಟ್ಟಳು. "ಹೌದು, ಉರೀತು! ಉರೀದೆ ಎಂತ ಮಾಡುತ್ತೆ? ನಂಗೆ ಹೆಣ್ಣು ಮಕ್ಕಳಿಲ್ಲ ಅಂದ್ರಿ. ಊರವ್ರ ಎದುರಿಗೆ ಅಂದ್ರಿ. ನಾನು ಪಕ್ಕದಲ್ಲೇ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಅವಳು ನಿನ್ನೆ ಬಂದು ಮಗಳಾದ್ಳು. ನಾನೆಂತ ಹಂಗಾದ್ರೆ ಈ ಮನೇಲಿ?"

ಭಾಗಮ್ಮನಿಗೆ ಈ ಸೊಸೆಯ ಬಾಯಲ್ಲಿ ಇಷ್ಟು ಮಾತು ಕೇಳಿ ಅಭ್ಯಾಸವಿರಲಿಲ್ಲ. "ಅದು ಅವ್ಳ ತಾಯಿಗೆ ಹೇಳಿದ್ದು ಕಣೇ. ಮಗಳನ್ನ ಬಿಟ್ಟು ಹೋಗೋ ಹೆಂಗಸಿಗೆ ಒಂದು ಸಮಾಧಾನದ ಮಾತು ಹೇಳ್ಬೇಡ್ವಾ?" ಎಂದಳು.

"ನನ್ನ ಮದುವೇಲಿ ಹೇಳ್ಲಿಲ್ಲ."

"ನಿಂಗೆ ತಾಯಿ ಇರ್ಲಿಲ್ಲ. ಆ ಮಾತು ಕೇಳಿಸ್ಕೊಳ್ಳೋಕೆ ಅಲ್ಲಿ ಯಾರಿದ್ರು?"

"ನಾನಿದ್ನಲ್ಲ ಅತ್ತೆ" ಎಂದಳು ಕುಸುಮಾ.

ಬೀದಿಯಲ್ಲಿ ಬಾಳೆಹೊನ್ನೂರಿನ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಸೊಸೆಯ ಕಾಲ ಬಳಿ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಮುದುಕಿ ಒಂದೊಂದಾಗಿ ಹೆಕ್ಕಿ ಮಡಿಲಲ್ಲಿ ಹಾಕಿಕೊಂಡಳು.

"ನೀನು ನನ್ನ ಓಡಿಸ್ತಾ ಇದೀಯ ಅಂದ್ಕೊಂಡಿದ್ದೆ" ಎಂದಳು ಕೊನೆಗೆ.

"ನಾನಾ?"

"ಮತ್ತೆ? ಗಾಳಿ ಚೆನ್ನಾಗಿದೆ ಹೋಗಿ ಅಂದೆ. ಒಂದೇ ಒಂದು ಸಲ ಬೇಡ ಅನ್ಲಿಲ್ಲ. ಹಗ್ಗ ತಂದೆ. ಸೀರೆಗೆ ಇಸ್ತ್ರಿ ಮಾಡಿಟ್ಟೆ. ಮನೆಗೆ ಬಂದ ಮಂಗನ್ನ ಓಡಿಸೋಕೂ ಜನ ಅಷ್ಟು ಅರ್ಜೆಂಟ್ ಮಾಡಲ್ಲ. ಇವಳಿಗೆ ನಾನು ಸಾಕಾದೆ, ಮುದುಕಿ ಹೋದ್ರೆ ಸಾಕಾಗಿದೆ ಅಂದ್ಕೊಂಡೆ. ಆ ವಿಡಿಯೋ ನೋಡಿದ ಮೇಲೆ ಡೌಟ್ ಬಂತು. ಬೇಡವಾದವ್ರನ್ನ ನೋಡಿ ಯಾರಿಗೂ ಅಷ್ಟು ಹೊಟ್ಟೆ ಉರಿಯಲ್ಲ."

ಕುಸುಮಾ ಏನೋ ಹೇಳಲು ಹೋದಳು. ಬಂದದ್ದು ಅಳು. ಮಾವ ಸತ್ತಾಗಲೂ ಅತ್ತೆಯ ಎದುರಿಗೆ ಅಳಬಾರದೆಂದು ಹಿತ್ತಿಲಿಗೆ ಹೋಗಿ ಅತ್ತವಳು, ಈಗ ಯಾರದೋ ರೇಷ್ಮೆ ಬ್ಲೌಸಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಭಾಗಮ್ಮ ಸುಮ್ಮನಿರು ಎನ್ನಲಿಲ್ಲ. ಅಳುವಷ್ಟು ಅಳಲಿ ಎಂದು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಹೋಗ್ಬೇಡಿ" ಎಂದಳು ಕುಸುಮಾ, ಬ್ಲೌಸಿನ ಒಳಗಿನಿಂದ.

"ಎಂತ ಅಂದೆ? ಕೇಳಿಸ್ಲಿಲ್ಲ."

ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು.

"ಹೋಗ್ಬೇಡಿ ಅತ್ತೆ. ನನ್ನ ಬಿಟ್ಟು ಹೋಗ್ಬೇಡಿ."

"ಹಂಗೆ ಬಾಯಿ ಬಿಟ್ಟು ಹೇಳು" ಎಂದಳು ಭಾಗಮ್ಮ. ಮುದುಕಿಯ ಮುಖ ಊರಗಲವಾಗಿತ್ತು. ಈ ವಯಸ್ಸಿನಲ್ಲಿ ತನಗೋಸ್ಕರ ಇಬ್ಬರು ಕಿತ್ತಾಡುತ್ತಿದ್ದಾರೆಂಬ ಸಂತೋಷವನ್ನು ಮುಚ್ಚಿಡಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಅಲ್ಲೇ ಕೂತು ಕುಸುಮಾಳ ಮೊಬೈಲ್ ಕೇಳಿ ತೆಗೆದುಕೊಂಡು, ಅವಳ ಕೈಯಲ್ಲೇ ಭವ್ಯಾಳ ನಂಬರ್ ಒತ್ತಿಸಿದಳು.

"ಭವ್ಯಾ, ಮಗಾ, ನಾನು ಬರೋದಿಲ್ಲ ಕಣೇ. ಎಂತ ಮಾಡ್ಲಿ, ಇವ್ಳು ಬಿಡ್ತಾ ಇಲ್ಲ… ಹ್ಞೂಂ, ಕುಸುಮಾನೇ. ಹಿಡ್ಕೊಂಡು ಕೂತಿದಾಳೆ… ಅಯ್ಯೋ ಇಲ್ಲ ಮಗಾ, ವಾರಕ್ಕೊಂದ್ಸಲ ಬರ್ತೀನಿ, ದಯಾನಂದ ಗಾಡೀಲಿ ಬಿಡ್ತಾನೆ… ಸುಮ್ನಿರು, ಸುಮ್ನಿರು…"

ಆ 'ಮಗಾ' ಎನ್ನುವಾಗ ದನಿ ಎಷ್ಟು ಮೆತ್ತಗಾಯಿತು, ಎಷ್ಟು ಸಲ ಮೆತ್ತಗಾಯಿತು ಎಂಬುದನ್ನೆಲ್ಲ ಕುಸುಮಾ ಮೂಗು ಒರೆಸಿಕೊಳ್ಳುತ್ತಾ ಗಮನಿಸಿದಳು. ವಾರಕ್ಕೊಂದು ಸಲ ಏಕೆ, ತಿಂಗಳಿಗೊಂದು ಸಲ ಸಾಲದೆ ಎಂದೂ ಯೋಚಿಸಿದಳು.

ಭಾಗಮ್ಮ ಫೋನ್ ಕೆಳಗಿಟ್ಟು ನಿಟ್ಟುಸಿರು ಬಿಟ್ಟಳು. "ಪಾಪ, ಅತ್ತೇಬಿಟ್ಳು ಆ ಹುಡುಗಿ."

ಕುಸುಮಾ ತಲೆಯೆತ್ತಿದಳು. ಕಣ್ಣಲ್ಲಿ ನೀರು ಇನ್ನೂ ಇತ್ತು, ಮೂಗಿನ ತುದಿ ಆಗಲೇ ಕೆಂಪಾಗಿತ್ತು.

"ಮೊದ್ಲು ಅತ್ತಿದ್ದು ನಾನು" ಎಂದಳು.